ಹಂಗಾಮಿ ಮತ್ತು ಖಾಯಂ

ಉದ್ಯೋಗವ್ಯವಹಾರದಲ್ಲಿ ರೂಢವಾಗಿರುವ ಈ ಶಬ್ದಗಳೆರಡೂ ಅನ್ಯದೇಶ್ಯಗಳು. ಪಾರಸಿಯ ‘ಹಂಗಾಮ್’ ಎಂದರೆ ಕಾಲ. ಅರಬ್ಬಿಯ ‘ಕಾಯಿಮ್’ ಎಂದರೆ ನಿಂತಿರುವುದು. ಹಂಗಾಮಿನ ಕೆಲಸವು ಬಹುಕಾಲ ನಡೆದರೆ ನಿಂತ ಕೆಲಸವಾಗುವುದೆ? ಕರ್ನಾಟಕ ಸರ್ಕಾರಕ್ಕೆ ಸಂಬಂಧಿಸಿದ ಉಮಾದೇವಿ ಮೊಕದ್ದಮೆಯಲ್ಲಿ, 2006ನೆಯ ಇಸವಿ ಏಪ್ರಿಲ್ 10ರಂದು, ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠವು ಆಗದೆಂದು ತೀರ್ಮಾನಿಸಿತು: ಸೇವೆಯ ದೀರ್ಘತೆಯೊಂದೇ ಹಕ್ಕನ್ನು ಕೊಡಲಾರದು, ನೇಮಕವು ನಿಯಮಾನುಸಾರವಾಗಿ, ಬಹಿರಂಗ ಸ್ಪರ್ಧೆಯಿಂದ ಆಗಿರಬೇಕು. ಅರ್ಹತೆಯುಳ್ಳವರಾಗಿ, ಮಂಜೂರಾದ ಹುದ್ದೆಯಲ್ಲಿ, ನ್ಯಾಯಾಲಯದ ಆಜ್ಞೆಯ ಆಸರೆಯಿಲ್ಲದೆ 10 ವರ್ಷ ದುಡಿದವರಿಗೆ ಮಾತ್ರ ಒಂದು ಬಾರಿಯ ರಿಯಾಯಿತಿ ದೊರೆಯಿತು. ಈ ತೀರ್ಪನ್ನೇ ನೆಪಮಾಡಿ, ದೀರ್ಘಕಾಲ ದುಡಿದವರ ನ್ಯಾಯವಾದ ಬೇಡಿಕೆಯನ್ನು ತಳ್ಳಿಹಾಕಲಾಗದೆಂದು ಅದೇ ನ್ಯಾಯಾಲಯವು 2024ರ ಡಿಸೆಂಬರಿನಲ್ಲಿ ಎಚ್ಚರಿಸಿತು. ಆದರೂ, ಸರ್ಕಾರಿ ಕೆಲಸ ಕೊಡಿಸುವೆನೆಂಬ ಮಧ್ಯವರ್ತಿಯು ‘ಈಗ ಹಂಗಾಮಿ, ಮುಂದೆ ಖಾಯಂ’ ಎಂದು ಭರವಸೆಯಿತ್ತಾಗ, ಹುದ್ದೆಯು ಮಂಜೂರಾದುದೆ, ನೇಮಕವು ಕ್ರಮಬದ್ಧವೆ ಎಂಬುದನ್ನೇ ಮೊದಲು ವಿಚಾರಿಸತಕ್ಕದ್ದು.