ಗೃಹಸಾಲಕ್ಕೆ ಮುನ್ನ ಋಣದ ಲೆಕ್ಕ ಸರಿಪಡಿಸಿಕೊಳ್ಳುವ ಬಗೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಸಾಲ ಕೊಡುವವನು ಬಹುಪಾಲು ಊರಿನವನೇ ಆಗಿರುತ್ತಿದ್ದನು. ಕೇಳಲು ಬಂದವನ ಮನೆತನ, ನಡೆನುಡಿ, ಹೊಲದ ಬೆಳೆ ಎಲ್ಲವೂ ಅವನಿಗೆ ತಿಳಿದಿರುತ್ತಿದ್ದವು. ಇಂದು ಬ್ಯಾಂಕಿನ ಅಧಿಕಾರಿಗೆ ನಮ್ಮ ಮುಖಪರಿಚಯವೂ ಇರುವುದಿಲ್ಲ. ಅಲ್ಲಿ ನಮ್ಮ ಕುರಿತು ಮೊದಲು ಮಾತನಾಡುವುದು ಜನಬಳಕೆಯಲ್ಲಿ ಸಿಬಿಲ್ ಸ್ಕೋರ್ ಎನಿಸಿಕೊಂಡಿರುವ ಮೂರಂಕಿಯ ಒಂದು ಸಂಖ್ಯೆ. ನಿವೇಶನ ಕೊಂಡು, ನಕ್ಷೆ ಬರೆಸಿ, ಮುಂಗಡ ಹಣವನ್ನೂ ಕೊಟ್ಟ ಬಳಿಕ ಈ ಸಂಖ್ಯೆ ಕಡಿಮೆಯಿದೆಯೆಂದು ಅರ್ಜಿ ತಿರಸ್ಕೃತವಾದರೆ ಇಡೀ ಕುಟುಂಬ ಸಂಕಟಕ್ಕೆ ಸಿಲುಕುತ್ತದೆ. ಆದ್ದರಿಂದ ಮನೆ ಕಟ್ಟುವ ಅಥವಾ ಕೊಳ್ಳುವ ಸಂಕಲ್ಪವುಳ್ಳ ಭಕ್ತಬಂಧುಗಳು ಕನಿಷ್ಠ ಒಂದು ವರ್ಷ ಮೊದಲೇ ಈ ವಿಷಯದತ್ತ ಗಮನ ಹರಿಸುವುದು ಉಚಿತ.

ಈ ಅಂಕ ಎಲ್ಲಿಂದ ಬರುತ್ತದೆ?

ನಮ್ಮ ದೇಶದಲ್ಲಿ ಸಾಲದ ಮಾಹಿತಿಯನ್ನು ಸಂಗ್ರಹಿಸುವ ಸಂಸ್ಥೆಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈ ಮಾರ್ಕ್. 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯ ಅಡಿಯಲ್ಲಿ, ಭಾರತೀಯ ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿ ಇವು ಕೆಲಸ ಮಾಡುತ್ತವೆ. ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ತಮ್ಮ ಪ್ರತಿಯೊಬ್ಬ ಸಾಲಗಾರನ ಮರುಪಾವತಿಯ ವಿವರವನ್ನು ಇವುಗಳಿಗೆ ಕಳುಹಿಸಬೇಕು. ಮೊದಲು ತಿಂಗಳಿಗೊಮ್ಮೆ ನಡೆಯುತ್ತಿದ್ದ ಈ ಕಾರ್ಯ 2025ರ ಜನವರಿ 1ರಿಂದ ಕನಿಷ್ಠ ಹದಿನೈದು ದಿನಗಳಿಗೊಮ್ಮೆ ನಡೆಯಬೇಕೆಂದು ರಿಸರ್ವ್ ಬ್ಯಾಂಕ್ ವಿಧಿಸಿತು.

ಅಂಕವು 300ರಿಂದ 900ರವರೆಗೆ ಇರುತ್ತದೆ. ಇಷ್ಟೇ ಇರಬೇಕೆಂಬ ಕನಿಷ್ಠ ಮಿತಿಯನ್ನು ರಿಸರ್ವ್ ಬ್ಯಾಂಕ್ ಗೊತ್ತುಪಡಿಸಿಲ್ಲ. ಆಯಾ ಬ್ಯಾಂಕು ತನ್ನದೇ ನೀತಿಯಂತೆ ನಿರ್ಧರಿಸುತ್ತದೆ. ಸಾಮಾನ್ಯವಾಗಿ 750ಕ್ಕೆ ಮೇಲ್ಪಟ್ಟ ಅಂಕವನ್ನು ಉತ್ತಮವೆಂದು ಪರಿಗಣಿಸುತ್ತಾರೆ. ಅಂಕದೊಡನೆ ಆದಾಯ, ಈಗಿರುವ ಕಂತುಗಳ ಹೊರೆ, ಆಸ್ತಿಯ ಕಾಗದಪತ್ರಗಳನ್ನೂ ಪರಿಶೀಲಿಸುತ್ತಾರೆ.

ಅಂಕ ಕಡಿಮೆಯಿದ್ದರೂ ಸಾಲ ದೊರೆಯಬಹುದು. ಆದರೆ ಬಡ್ಡಿ ಹೆಚ್ಚಾಗುವ ಸಂಭವವಿದೆ. 25 ಲಕ್ಷ ರೂಪಾಯಿಗಳನ್ನು 20 ವರ್ಷಗಳ ಅವಧಿಗೆ ಶೇ. 8.5ರ ಬಡ್ಡಿಯಲ್ಲಿ ಪಡೆದರೆ ಮಾಸಿಕ ಕಂತು ಸುಮಾರು 21,700 ರೂ. ಅದೇ ಸಾಲಕ್ಕೆ ಬಡ್ಡಿ ಶೇ. 9.5 ಆದರೆ ಕಂತು ಸುಮಾರು 23,300 ರೂ. ತಿಂಗಳಿಗೆ ಸಾವಿರದಾರುನೂರು ರೂಪಾಯಿಗಳ ಅಂತರ ಅಲ್ಪವೆನಿಸಬಹುದು. ಆದರೆ 240 ಕಂತುಗಳು ಮುಗಿಯುವಷ್ಟರಲ್ಲಿ ಅದು ಸುಮಾರು 3.85 ಲಕ್ಷ ರೂಪಾಯಿಗಳಾಗುತ್ತದೆ. ಮಕ್ಕಳ ವಿದ್ಯಾಭ್ಯಾಸಕ್ಕೆ ಸಲ್ಲಬೇಕಾದ ಹಣ ಹೀಗೆ ಬಡ್ಡಿಯ ಪಾಲಾಗುತ್ತದೆ.

ಮೊದಲ ಹೆಜ್ಜೆ: ವರದಿಯನ್ನು ಓದುವುದು

ಮೇಲ್ಕಂಡ ನಾಲ್ಕು ಸಂಸ್ಥೆಗಳಲ್ಲಿ ಪ್ರತಿಯೊಂದೂ ವರ್ಷಕ್ಕೊಮ್ಮೆ ಸಂಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕೆಂಬ ನಿಯಮ 2017ರಿಂದ ಜಾರಿಯಲ್ಲಿದೆ. ನಮ್ಮ ವರದಿಯನ್ನು ನಾವೇ ನೋಡಿದರೆ ಅಂಕ ಕುಗ್ಗುತ್ತದೆಂಬ ಭೀತಿ ಹಲವರಲ್ಲಿದೆ. ಅದು ಆಧಾರರಹಿತ. ಸಾಲಕ್ಕೆ ಅರ್ಜಿ ಸಲ್ಲಿಸಿದಾಗ ಬ್ಯಾಂಕು ತರಿಸಿಕೊಳ್ಳುವ ವರದಿ ಮಾತ್ರ ವಿಚಾರಣೆಯೆಂದು ದಾಖಲಾಗಿ ಅಂಕದ ಮೇಲೆ ಪರಿಣಾಮ ಬೀರುತ್ತದೆ.

ವರದಿ ಕೈಗೆ ಬಂದ ಮೇಲೆ ಹೆಸರು, ಪ್ಯಾನ್ ಸಂಖ್ಯೆ, ವಿಳಾಸ ಸರಿಯಾಗಿವೆಯೇ ಎಂದು ಮೊದಲು ನೋಡಬೇಕು. ಬಳಿಕ ಒಂದೊಂದು ಸಾಲದ ಮುಂದೆಯೂ ಮುದ್ರಿತವಾಗಿರುವ 36 ತಿಂಗಳ ಪಾವತಿಯ ಪಟ್ಟಿಯನ್ನು ಓದಬೇಕು. ಕಂತು ಎಷ್ಟು ದಿನ ತಡವಾಯಿತೆಂಬುದು ಅಲ್ಲಿರುತ್ತದೆ. ತಡ 90 ದಿನಗಳನ್ನು ಮೀರಿದರೆ ಆ ಸಾಲವನ್ನು ಬ್ಯಾಂಕು ಅನುತ್ಪಾದಕವೆಂದು ವರ್ಗೀಕರಿಸುತ್ತದೆ. ಅದು ಅಂಕಕ್ಕೆ ಬೀಳುವ ದೊಡ್ಡ ಪೆಟ್ಟು.

ತಾವು ಪಡೆಯದ ಸಾಲ, ತೀರಿಸಿದ ಮೇಲೂ ಚಾಲ್ತಿಯಲ್ಲಿದೆಯೆಂದು ತೋರಿಸಿದ ಸಾಲ, ಹೆಸರಿನ ಸಾಮ್ಯದಿಂದ ಮತ್ತೊಬ್ಬರದು ಬೆರೆತ ಖಾತೆ ಇವು ಕಂಡುಬಂದರೆ ಆ ಸಂಸ್ಥೆಗೂ ಬ್ಯಾಂಕಿಗೂ ಲಿಖಿತವಾಗಿ ದೂರು ಸಲ್ಲಿಸಬೇಕು. 30 ದಿನಗಳೊಳಗೆ ದೂರು ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಪಡೆಯುವ ಹಕ್ಕು ದೂರುದಾರನಿಗಿದೆ. ಅಷ್ಟರಲ್ಲೂ ನ್ಯಾಯ ದೊರೆಯದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ.

ಎರಡನೆಯ ಹೆಜ್ಜೆ: ಹಳೆಯ ಬಾಕಿಯನ್ನು ಪೂರ್ಣವಾಗಿ ತೀರಿಸುವುದು

ಕಷ್ಟಕಾಲದಲ್ಲಿ ಬ್ಯಾಂಕಿನೊಡನೆ ಮಾತನಾಡಿ, ಬಾಕಿಯಲ್ಲಿ ಒಂದು ಭಾಗವನ್ನಷ್ಟೇ ಕೊಟ್ಟು ಸಾಲ ಮುಗಿಸಿಕೊಂಡವರು ಬಹಳ ಮಂದಿ ಇದ್ದಾರೆ. ಅಲ್ಲಿಗೆ ಋಣ ಹರಿಯಿತೆಂದು ಅವರು ಭಾವಿಸುತ್ತಾರೆ. ಆದರೆ ವರದಿಯಲ್ಲಿ ಆ ಖಾತೆಯ ಮುಂದೆ ‘ಸೆಟಲ್ಡ್’ ಎಂದು ದಾಖಲಾಗಿರುತ್ತದೆ. ಪೂರ್ತಿ ತೀರಿಸಿದ ಖಾತೆಗೆ ‘ಕ್ಲೋಸ್ಡ್’ ಎಂದಿರುತ್ತದೆ. ಈ ಎರಡು ಪದಗಳ ನಡುವಿನ ಅಂತರ ಗೃಹಸಾಲದ ಅರ್ಜಿಯ ಗತಿಯನ್ನೇ ಬದಲಿಸಬಲ್ಲದು. ‘ರೈಟ್ ಆಫ್’ ಎಂಬ ದಾಖಲೆಯೂ ಸಾಲ ಮನ್ನಾ ಆಯಿತೆಂಬುದನ್ನು ಸೂಚಿಸುವುದಿಲ್ಲ. ಬ್ಯಾಂಕು ತನ್ನ ಲೆಕ್ಕಪುಸ್ತಕದಿಂದ ಅದನ್ನು ಕೈಬಿಟ್ಟಿದೆ, ಸಾಲಗಾರನ ಹೊಣೆ ಹಾಗೆಯೇ ಉಳಿದಿದೆ ಎಂದು ಅದರ ತಾತ್ಪರ್ಯ.

ಇಂಥ ದಾಖಲೆ ಇರುವವರು ಆ ಬ್ಯಾಂಕಿಗೆ ಹೋಗಿ, ಉಳಿದ ಮೊತ್ತವೆಷ್ಟೆಂದು ಕೇಳಿ, ಪೂರ್ಣವಾಗಿ ಪಾವತಿಸಿದರೆ ದಾಖಲೆಯನ್ನು ಬದಲಿಸುವುದಾಗಿ ಲಿಖಿತ ಒಪ್ಪಿಗೆ ಪಡೆಯಬೇಕು. ಪಾವತಿಯ ಬಳಿಕ ಬೇಬಾಕಿ ಪತ್ರವನ್ನು ತಪ್ಪದೆ ಪಡೆದು ಜೋಪಾನವಾಗಿಡಬೇಕು. ಒಂದೆರಡು ತಿಂಗಳ ನಂತರ ವರದಿಯಲ್ಲಿ ತಿದ್ದುಪಡಿ ಆಗಿದೆಯೇ ಎಂದು ನೋಡುವುದೂ ಅವಶ್ಯ.

ಸ್ನೇಹಕ್ಕೋ ದಾಕ್ಷಿಣ್ಯಕ್ಕೋ ಜಾಮೀನು ಹಾಕಿದವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಜಾಮೀನು ನಿಂತ ಸಾಲವೂ ಜಾಮೀನುದಾರನ ವರದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಸಾಲ ಪಡೆದವನು ಕಂತು ತಪ್ಪಿಸಿದರೆ ಜಾಮೀನುದಾರನ ಮನೆಯ ಕನಸಿಗೂ ಅಡ್ಡಿಯಾಗುತ್ತದೆ.

ಮೂರನೆಯ ಹೆಜ್ಜೆ: ಹೊಸ ಶಿಸ್ತು

ಅಂಕವನ್ನು ನಿರ್ಧರಿಸುವ ಸಂಗತಿಗಳಲ್ಲಿ ಮರುಪಾವತಿಯ ಕ್ರಮಬದ್ಧತೆ ಪ್ರಧಾನವಾದುದು. ಆದ್ದರಿಂದ ಕಂತಿನ ಹಣ ಸಂಬಳದ ಮರುದಿನವೇ ಖಾತೆಯಿಂದ ತಾನಾಗಿ ಕಡಿತವಾಗುವಂತೆ ಬ್ಯಾಂಕಿಗೆ ಸೂಚನೆ ಕೊಡುವುದು ಲೇಸು. ಕೃಷಿ ಅಥವಾ ವ್ಯಾಪಾರದ ಆದಾಯವುಳ್ಳವರು ಮೂರು ತಿಂಗಳ ಕಂತಿನಷ್ಟು ಹಣವನ್ನು ಬೇರೆಯಾಗಿ ತೆಗೆದಿರಿಸಿದರೆ, ಪೈರು ಕೈಗೆ ಬರುವುದು ತಡವಾದರೂ ಕಂತು ತಪ್ಪದು.

ಕ್ರೆಡಿಟ್ ಕಾರ್ಡ್ ಇರುವವರು ಮಿತಿಯ ಶೇ. 30ರೊಳಗೆ ಬಳಸುವುದು ವಾಡಿಕೆಯ ಸಲಹೆ. 50,000 ರೂಪಾಯಿ ಮಿತಿಯ ಕಾರ್ಡಿನಲ್ಲಿ ಪ್ರತಿ ತಿಂಗಳೂ 45,000 ರೂ. ಖರ್ಚು ಮಾಡುವವನು ಹಣದ ಅಡಚಣೆಯಲ್ಲಿದ್ದಾನೆಂದು ಲೆಕ್ಕಾಚಾರ ಭಾವಿಸುತ್ತದೆ. ಅದು 15,000 ರೂ.ಗಳೊಳಗೆ ಇದ್ದರೆ ಒಳಿತು. ಬಿಲ್ಲಿನಲ್ಲಿ ನಮೂದಿಸಿದ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಾ ಹೋದರೆ ಸುಸ್ತಿ ತಪ್ಪಬಹುದು, ಆದರೆ ಉಳಿದ ಮೊತ್ತಕ್ಕೆ ವರ್ಷಕ್ಕೆ ಶೇ. 36ನ್ನೂ ಮೀರಿದ ಬಡ್ಡಿ ಬೆಳೆಯುವುದುಂಟು. ಹಲವು ಬಾಕಿಗಳಿದ್ದಲ್ಲಿ ಮೊದಲು ಅವಧಿ ಮೀರಿದ ಕಂತುಗಳನ್ನೂ, ಅನಂತರ ಕಾರ್ಡಿನ ಬಾಕಿಯನ್ನೂ, ಕೊನೆಗೆ ಉಳಿದವನ್ನೂ ತೀರಿಸುವುದು ಸರಿಯಾದ ಕ್ರಮ.

ಹಿಂದಿನ ಲೋಪದಿಂದ ಯಾವ ಬ್ಯಾಂಕೂ ಕಾರ್ಡ್ ಕೊಡದಿದ್ದರೆ ಸಣ್ಣ ಮೊತ್ತದ ನಿಶ್ಚಿತ ಠೇವಣಿಯ ಆಧಾರದ ಮೇಲೆ ಕಾರ್ಡ್ ಪಡೆಯುವ ಅವಕಾಶವಿದೆ. ಅದರಲ್ಲಿ ಅಗತ್ಯದ ಸಾಮಗ್ರಿಯನ್ನಷ್ಟೇ ಕೊಂಡು, ಪ್ರತಿ ತಿಂಗಳೂ ಪೂರ್ತಿ ಹಣ ಕಟ್ಟಿದರೆ ಒಳ್ಳೆಯ ನಡತೆಯ ದಾಖಲೆ ಮತ್ತೆ ಬೆಳೆಯುತ್ತದೆ. ಈ ಅವಧಿಯಲ್ಲಿ ಹಲವು ಬ್ಯಾಂಕುಗಳಿಗೆ ಏಕಕಾಲಕ್ಕೆ ಅರ್ಜಿ ಹಾಕುವುದು, ಮೊಬೈಲಿನ ದಿಢೀರ್ ಸಾಲಗಳಿಗೆ ಕೈಚಾಚುವುದು ಸಲ್ಲದು.

ಶೀಘ್ರ ಮಾರ್ಗವೆಂಬುದಿಲ್ಲ

ಹಣ ಕೊಟ್ಟರೆ ಹದಿನೈದು ದಿನಗಳಲ್ಲಿ ಸಿಬಿಲ್ ಸರಿಪಡಿಸುತ್ತೇವೆಂದು ಹೇಳಿಕೊಳ್ಳುವ ದಲ್ಲಾಳಿಗಳನ್ನು ನಂಬಬಾರದು. ಸತ್ಯವಾದ ದಾಖಲೆಯನ್ನು ಅಳಿಸುವ ಅಧಿಕಾರ ಅವರಿಗಿಲ್ಲ. ತಪ್ಪಾದ ದಾಖಲೆಯನ್ನು ನಾವೇ ಖರ್ಚಿಲ್ಲದೆ ತಿದ್ದಿಸಬಹುದು. ಅವರ ಕೈಗೆ ಪ್ಯಾನ್, ಆಧಾರ್, ಒಟಿಪಿ ಕೊಟ್ಟರೆ ಇನ್ನೊಂದು ವಿಪತ್ತನ್ನು ಆಹ್ವಾನಿಸಿದಂತೆ.

ಗೃಹಸಾಲವನ್ನು ದಂಪತಿಗಳು ಅಥವಾ ತಂದೆ ಮಗ ಜಂಟಿಯಾಗಿ ಪಡೆಯುವಾಗ ಎಲ್ಲ ಅರ್ಜಿದಾರರ ವರದಿಯನ್ನೂ ಬ್ಯಾಂಕು ನೋಡುತ್ತದೆ. ಆದಕಾರಣ ಹಳೆಯ ಸಾಲವನ್ನು ಮನೆಯವರಿಂದ ಮರೆಮಾಚುವುದು ಹಿತವಲ್ಲ. ಎಲ್ಲರೂ ಒಟ್ಟಿಗೆ ಕುಳಿತು ಲೆಕ್ಕವನ್ನು ಮುಂದಿಟ್ಟುಕೊಂಡರೆ ದಾರಿ ಸ್ಪಷ್ಟವಾಗುತ್ತದೆ. 30 ಲಕ್ಷದವರೆಗಿನ ಗೃಹಸಾಲಕ್ಕೆ ಬ್ಯಾಂಕುಗಳು ಆಸ್ತಿ ಮೌಲ್ಯದ ಗರಿಷ್ಠ ಶೇ. 90ರಷ್ಟನ್ನು ಕೊಡಬಹುದು; ಉಳಿದುದು ಸ್ವಂತ ಉಳಿತಾಯದಿಂದಲೇ ಬರಬೇಕು. ಅಂಕ ಸುಧಾರಿಸುವ ವರ್ಷವೇ ಆ ಉಳಿತಾಯದ ವರ್ಷವೂ ಆಗಲಿ.

ಸಾಲ ಮಾಡಿದ್ದು ಅಪರಾಧವಲ್ಲ. ರೋಗ, ಬರಗಾಲ, ಉದ್ಯೋಗನಷ್ಟ ಯಾರಿಗಾದರೂ ಬರಬಹುದು. ತಿಂಗಳು ತಿಂಗಳೂ ಹೊತ್ತಿಗೆ ಸರಿಯಾಗಿ ಕಟ್ಟಿದ ಕಂತುಗಳು ಹಳೆಯ ಲೋಪದ ಭಾರವನ್ನು ಕ್ರಮೇಣ ಇಳಿಸುತ್ತವೆ. ಕಾಯಕದ ಹಣದಲ್ಲಿ ಕೊಟ್ಟ ಮಾತು ಉಳಿಸಿಕೊಳ್ಳುತ್ತಾ, ಹಾಸಿಗೆ ಇದ್ದಷ್ಟೇ ಕಾಲು ಚಾಚುವ ಸಂಸಾರಕ್ಕೆ ಸ್ವಂತ ಸೂರು ಒಂದು ವರ್ಷ ತಡವಾಗಿ ಬಂದರೂ ನೆಮ್ಮದಿಯೊಡನೆ ಬರುತ್ತದೆ.