ಗಡಿಯಾಚೆಯ ನೋವಿನ ಮಾತ್ರೆ

ಪ್ರಶ್ನೆ: ಸ್ಯಾನ್ ಡಿಯೇಗೊದಲ್ಲಿರುವ ನನ್ನ ಮಗ, ಗಡಿ ದಾಟಿದರೆ ಮೆಕ್ಸಿಕೊದಲ್ಲಿ ಡಾಕ್ಟರ ಚೀಟಿಯಿಲ್ಲದೆ ಬಲವಾದ ನೋವಿನ ಮಾತ್ರೆ ಸಿಗುತ್ತದೆ ಅನ್ನುತ್ತಾನೆ. ನಿಜವೇ?

ಉತ್ತರ: ಸಿಗುವುದು ನಿಜ. ಕೇಳಿದ್ದನ್ನೇ ಕೊಡುತ್ತಾರೆಂಬ ಖಾತ್ರಿ ಮಾತ್ರ ಇಲ್ಲ. ಆಕ್ಸಿಕೊಡೋನ್‌ನಂಥ ಅಫೀಮಿನ ಗುಂಪಿನ ಔಷಧಿಗೆ ಅಲ್ಲಿನ ಕಾನೂನೂ ಚೀಟಿ ಕೇಳುತ್ತದೆ. ಆದರೂ ಪ್ರವಾಸಿಗರು ಹೆಚ್ಚಿರುವ ಊರುಗಳ ಕೆಲವು ಅಂಗಡಿಗಳು ಬಿಡಿ ಮಾತ್ರೆಗಳನ್ನು ಹಾಗೇ ಮಾರುತ್ತವೆ. ಗಡಿಯ ಊರಾದ ಟಿಹ್ವಾನಾ ಮತ್ತಿತರ ಕಡೆ ಕೊಂಡ ಇಂಥ ಮಾತ್ರೆಗಳನ್ನು 2023ರಲ್ಲಿ ಲಾಸ್ ಏಂಜಲಿಸ್ ಟೈಮ್ಸ್ ಪತ್ರಿಕೆ ಪರೀಕ್ಷಿಸಿತು. ಉತ್ತರ ಮೆಕ್ಸಿಕೊದಲ್ಲಿ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ (ಯುಸಿಎಲ್‌ಎ) ಸಂಶೋಧಕರೂ ಬೇರೆಯಾಗಿ ಇದೇ ಕೆಲಸ ಮಾಡಿದರು. ಆಕ್ಸಿಕೊಡೋನ್ ಎಂದು ಕೊಟ್ಟ ಕೆಲವು ಮಾತ್ರೆಗಳಲ್ಲಿ ಇದ್ದದ್ದು ಫೆಂಟನಿಲ್!

ಅದೇ ಗುಂಪಿನ ಫೆಂಟನಿಲ್ ಮಾರ್ಫಿನ್‌ಗಿಂತ ಸುಮಾರು 100 ಪಟ್ಟು ಪ್ರಬಲ. ಎರಡೇ ಮಿಲಿಗ್ರಾಂ, ಅಂದರೆ ಕೆಲವೇ ಉಪ್ಪಿನ ಹರಳಿನಷ್ಟು, ಜೀವ ತೆಗೆಯಬಲ್ಲದು. ಮಿದುಳಿನಲ್ಲಿ ಉಸಿರಾಟ ನಡೆಸುವ ಭಾಗವನ್ನೇ ಅದು ಮಂಕಾಗಿಸುತ್ತದೆ. ನಕಲಿ ಮಾತ್ರೆಯ ಬಣ್ಣ, ಅಚ್ಚು ಎಲ್ಲವೂ ಅಸಲಿಯಂತೆಯೇ ಇರುವುದರಿಂದ ಕಣ್ಣಳತೆ ಇಲ್ಲಿ ಕೆಲಸಕ್ಕೆ ಬಾರದು.

ಇಂಥ ಔಷಧಿಯ ವಿಷ ಏರಿದವರಿಗೆ ತುರ್ತಾಗಿ ಕೊಡುವ ನಲೋಕ್ಸೋನ್ ಮೂಗಿನ ಸ್ಪ್ರೇ, ಅಮೆರಿಕದಲ್ಲಿ 2023ರಿಂದ ಚೀಟಿಯಿಲ್ಲದೆ ಸಿಗುತ್ತಿದೆ. ನಿಮ್ಮ ಮಗನಿಗೆ ನೋವಿದ್ದರೆ ಅಲ್ಲಿಯ ಡಾಕ್ಟರನ್ನೇ ಕಾಣಲಿ. ಖರ್ಚಾದರೂ ಚಿಂತೆಯಿಲ್ಲ, ಗಡಿಯಾಚೆಯ ಬಿಡಿ ಮಾತ್ರೆ ಬೇಡವೆಂದು ಹೇಳಿ.