ಬರೆಯುವ ನಾಮ, ನುಡಿಯುವ ನಾಮ: ಕನ್ನಡ ಬೈಬಲಿನಲ್ಲಿ ದೇವರ ಹೆಸರು

ಹುಮನಾಬಾದ ತಾಲ್ಲೂಕಿನ ದುಬಲಗುಂಡಿಯ ಸೀಮೆಯಲ್ಲಿ, ಉತ್ತರ ಕರ್ನಾಟಕದ ಉಳಿದೆಡೆಗಳಲ್ಲಿದ್ದಂತೆಯೇ, ಹಿಂದಿನ ತಲೆಮಾರಿನ ಗೃಹಿಣಿಯರು ಪತಿಯ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮದುವೆಯ ಮನೆಯಲ್ಲಿ ಒತ್ತಾಯಕ್ಕೆ ಸಿಕ್ಕಾಗ ಮಾತ್ರ ಒಡಪು ಕಟ್ಟಿ, ಹೆಸರನ್ನು ಅದರೊಳಗೆ ಸೇರಿಸಿ ನುಡಿಯುವರು. ಅರಿತ ಹೆಸರನ್ನು ಗೌರವದಿಂದ ಆಡದಿರುವ ಈ ವಾಡಿಕೆಯನ್ನು ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ, ಯಹೂದ್ಯರು ದೇವನಾಮದ ವಿಷಯದಲ್ಲಿ ನಡೆದುಕೊಂಡ ಬಗೆಯು ತೀರ ಅಪರಿಚಿತವೆನಿಸದು. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ಸಲ್ಲದು.

ಯಹೂದ್ಯರ ಧರ್ಮಗ್ರಂಥದಲ್ಲಿ ದೇವರ ನಿಜನಾಮವು ನಾಲ್ಕು ವ್ಯಂಜನಗಳಲ್ಲಿ ಬರೆಯಲ್ಪಟ್ಟಿದೆ: ಯ್, ಹ್, ವ್, ಹ್. ಇದು 6,800ಕ್ಕೂ ಹೆಚ್ಚು ಸಲ ಬರುತ್ತದೆ. ಆ ನಾಮವನ್ನು ವ್ಯರ್ಥವಾಗಿ ಎತ್ತಕೂಡದೆಂಬುದು ದಶಾಜ್ಞೆಗಳಲ್ಲೊಂದು. ಆಜ್ಞೆಯು ಉಚ್ಚಾರಣೆಯನ್ನೇ ನಿಷೇಧಿಸಿರಲಿಲ್ಲ. ಆದರೆ ಕಾಲಕ್ರಮದಲ್ಲಿ ಭಯಭಕ್ತಿಯು ಆಜ್ಞೆಗಿಂತ ಮುಂದೆ ಹೋಯಿತು. ಯೆರೂಸಲೇಮಿನ ದೇವಾಲಯದಲ್ಲಿ ಪ್ರಾಯಶ್ಚಿತ್ತದ ದಿನದಂದು ಮಹಾಯಾಜಕನು ಆ ನಾಮವನ್ನು ಉಚ್ಚರಿಸುತ್ತಿದ್ದನೆಂದು ಮಿಷ್ನಾ ಗ್ರಂಥದಿಂದ ತಿಳಿಯುತ್ತದೆ. ಕ್ರಿ. ಶ. 70ರಲ್ಲಿ ರೋಮನರು ದೇವಾಲಯವನ್ನು ನಾಶಮಾಡಿದ ಮೇಲೆ ಆ ಅವಕಾಶವೂ ಇಲ್ಲವಾಯಿತು. ಇಂದಿಗೂ ಯಹೂದ್ಯ ಪಾಠಕನು ಆ ನಾಲ್ಕು ಅಕ್ಷರಗಳನ್ನು ಕಂಡಲ್ಲಿ ‘ಅದೋನಾಯ್’, ಅಂದರೆ ‘ನನ್ನ ಒಡೆಯ’ ಎಂದು ಓದುತ್ತಾನೆ. ಸಾಮಾನ್ಯ ಮಾತಿನಲ್ಲಿ ‘ಹಷೇಮ್’, ಅಂದರೆ ‘ಆ ನಾಮ’ ಎಂದಷ್ಟೇ ಹೇಳುತ್ತಾನೆ.

ಇಲ್ಲಿ ಗಮನಿಸತಕ್ಕದ್ದೆಂದರೆ, ಬರಹದಲ್ಲಿ ಅಕ್ಷರಗಳು ಹಾಗೆಯೇ ಉಳಿದವು. ಬದಲಾದದ್ದು ಧ್ವನಿ ಮಾತ್ರ. ಮುಂದೆ ಮಸೋರಾ ಪಂಡಿತರು ವ್ಯಂಜನಮಾತ್ರವಾಗಿದ್ದ ಗ್ರಂಥಕ್ಕೆ ಸ್ವರಚಿಹ್ನೆಗಳನ್ನು ಸೇರಿಸಿದಾಗ, ಈ ನಾಲ್ಕು ಅಕ್ಷರಗಳಿಗೆ ‘ಅದೋನಾಯ್’ ಶಬ್ದದ ಸ್ವರಗಳನ್ನು, ಅಲ್ಪ ವ್ಯತ್ಯಾಸದೊಡನೆ, ಹಚ್ಚಿದರು. ಹೀಗೆ ಓದಬೇಕೆಂಬ ಸೂಚನೆ ಅದು. ನಮ್ಮ ಕಾಗುಣಿತದಿಂದಲೇ ಇದನ್ನು ವಿಶದಪಡಿಸಬಹುದು. ‘ರಾಜ’ ಎಂಬುದರ ವ್ಯಂಜನಗಳಿಗೆ ‘ದೇವ’ ಎಂಬುದರ ಸ್ವರಗಳನ್ನು ಕೂಡಿಸಿದರೆ ‘ರೇಜ’ ಎಂದಾಗುತ್ತದೆ. ಸಂಕೇತವನ್ನು ಬಲ್ಲವನು ಅದನ್ನು ನೋಡಿ ‘ದೇವ’ ಎನ್ನುವನು. ಅರಿಯದವನು ‘ರೇಜ’ ಎಂದೇ ಓದುವನು. ಐರೋಪ್ಯ ಕ್ರೈಸ್ತರು ಹೀಗೆ ಓದಿದ್ದರಿಂದ ‘ಯೆಹೋವ’ ಎಂಬ ರೂಪವು ಬಂದಿತು. ಮೂಲದ ಉಚ್ಚಾರಣೆ ‘ಯಾಹ್ವೆ’ ಎಂದಿದ್ದಿರಬೇಕೆಂದು ಬಹುಮಂದಿ ವಿದ್ವಾಂಸರ ಊಹೆ.

ಆದಿಕ್ರೈಸ್ತರ ದಾರಿ ಇದಲ್ಲ. ಅವರು ಗ್ರೀಕ್ ಭಾಷಾಂತರವನ್ನು ಅನುಸರಿಸಿ ‘ಕೂರಿಯೋಸ್’, ಅಂದರೆ ‘ಒಡೆಯ’ ಎಂಬ ಶಬ್ದವನ್ನೇ ಬಳಸಿದರು. ಅದೇ ಶಬ್ದವನ್ನು ಯೇಸುವಿಗೂ ಅನ್ವಯಿಸಿದರು. ಹೊಸ ಒಡಂಬಡಿಕೆಯಲ್ಲಿ ಆ ನಾಲ್ಕು ಅಕ್ಷರಗಳ ನಾಮವು ಹಾಗೆಯೇ ಕಾಣಿಸಿಕೊಳ್ಳುವುದಿಲ್ಲ.

ಕನ್ನಡಕ್ಕೆ ಬೈಬಲನ್ನು ತರುವ ಕೆಲಸವು ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರಿಂದ ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ನಡೆಯಿತು. ತರುವಾಯ ಬಾಸೆಲ್ ಮಿಷನ್ನಿನವರು ಅದನ್ನು ಪರಿಷ್ಕರಿಸಿದರು. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಬಹುಕಾಲದಿಂದ ಓದುತ್ತ ಬಂದಿರುವ ‘ಸತ್ಯವೇದವು’ ಹಳೆಯ ಒಡಂಬಡಿಕೆಯಲ್ಲಿ ‘ಯೆಹೋವ’ ಎಂದೂ, ಹೊಸದರಲ್ಲಿ ‘ಕರ್ತನು’ ಎಂದೂ ಹೇಳುತ್ತದೆ. ಇದರ ಫಲವನ್ನು 110ನೆಯ ಕೀರ್ತನೆಯ ಮೊದಲ ವಚನದಲ್ಲಿ ನೋಡಬಹುದು. ಅಲ್ಲಿ ‘ಯೆಹೋವನು’ ಎಂದಿರುವುದು, ಮತ್ತಾಯನ ಸುವಾರ್ತೆಯಲ್ಲಿ ಅದೇ ಮಾತು ಉದ್ಧೃತವಾದಾಗ ‘ಕರ್ತನು’ ಎಂದಾಗುತ್ತದೆ. ಇವೆರಡೂ ಒಂದೇ ಎಂದು ಕನ್ನಡ ಓದುಗನಿಗೆ ತಾನಾಗಿಯೇ ಹೊಳೆಯದು. ಕನ್ನಡ ಸಾಮಾನ್ಯ ಭಾಷಾಂತರವಾದರೋ ನಾಮವನ್ನು ಬಿಟ್ಟು ‘ಸರ್ವೇಶ್ವರ’ ಎಂಬ ಪದವಿವಾಚಕವನ್ನು ಆರಿಸಿಕೊಂಡಿತು. 2008ರಲ್ಲಿ ವ್ಯಾಟಿಕನ್ ಕಥೋಲಿಕ ಬಿಷಪ್ಪರಿಗೆ ಕಳುಹಿಸಿದ ಪತ್ರವು ಪೂಜಾವಿಧಿಯ ಪ್ರಾರ್ಥನೆ ಮತ್ತು ಗೀತೆಗಳಲ್ಲಿ ಆ ನಾಮವನ್ನು ಉಚ್ಚರಿಸಕೂಡದೆಂದಿತು. ಹೀಗಾಗಿ ಒಂದೇ ಊರಿನ ಇಬ್ಬರು ಕ್ರೈಸ್ತರು ಒಂದೇ ಕೀರ್ತನೆಯನ್ನು ಗಟ್ಟಿಯಾಗಿ ಓದಿದರೆ ಇಬ್ಬರ ಬಾಯಲ್ಲಿ ಎರಡು ಶಬ್ದಗಳು ಬರುವ ಸಂಭವವುಂಟು. ಆದರೆ ‘ಹಲ್ಲೆಲೂಯಾ’ ಎಂದು ಇಬ್ಬರೂ ಹಾಡುವರು. ಅದರ ಕೊನೆಯ ‘ಯಾ’ ಎಂಬುದು ಆ ನಾಮದ ಹ್ರಸ್ವರೂಪವೇ ಆಗಿದೆ. ಯೆಶಾಯ, ಯೆರೆಮೀಯ ಎಂಬ ಪ್ರವಾದಿಗಳ ಹೆಸರಿನ ಕೊನೆಯಲ್ಲಿಯೂ ಅದೇ ಇದೆ.

‘ಯೆಹೋವ’ ಎಂಬುದು ಅಪರೂಪವಾದುದರಿಂದ ತೆಗೆದುಹಾಕತಕ್ಕದ್ದೆಂದು ನಮಗೆ ತೋರುವುದಿಲ್ಲ. ‘ಯೆಹೋವನಿಗೆ’, ‘ಯೆಹೋವನಲ್ಲಿ’ ಎಂದು ನಮ್ಮ ವಿಭಕ್ತಿಗಳನ್ನು ಹೊತ್ತು, ತಲೆಮಾರುಗಳ ಪ್ರಾರ್ಥನೆಯಲ್ಲಿ ಅದು ಕನ್ನಡದ ಶಬ್ದವಾಗಿದೆ. ಕಳೆದುಹೋದದ್ದು ಬೇರೆ: ಒಂದನ್ನು ಬರೆದು ಇನ್ನೊಂದನ್ನು ನುಡಿಯುವ ಆ ಸೌಲಭ್ಯ. ಅಚ್ಚಾದುದನ್ನು ಅಚ್ಚಾದಂತೆಯೇ ಓದುವ ನಮ್ಮಲ್ಲಿ ಭಾಷಾಂತರಕಾರನು ಎರಡರಲ್ಲೊಂದನ್ನು ಆರಿಸಲೇಬೇಕು.

ಈ ಆಯ್ಕೆಯ ತೀಕ್ಷ್ಣತೆಯನ್ನು ದುಬಲಗುಂಡಿಗೆ ನೆರೆಯಾದ ಬಸವಕಲ್ಯಾಣದ ಪರಂಪರೆಯಲ್ಲಿಯೂ ನಾವು ಕಂಡಿದ್ದೇವೆ. ವಚನಗಳಲ್ಲಿ ದೇವನಾಮವು ಮರೆಮಾಡುವ ವಸ್ತುವಲ್ಲ, ಅದೇ ಅಂಕಿತ. ‘ಕೂಡಲಸಂಗಮದೇವ’ ಎಂದರೆ ಬಸವಣ್ಣನವರು, ‘ಗುಹೇಶ್ವರ’ ಎಂದರೆ ಅಲ್ಲಮಪ್ರಭುಗಳು. ಮಾತೆ ಮಹಾದೇವಿಯವರು 1996ರಲ್ಲಿ ಪ್ರಕಟವಾದ ‘ಬಸವ ವಚನ ದೀಪ್ತಿ’ಯಲ್ಲಿ ಬಸವಣ್ಣನವರ ಅಂಕಿತವನ್ನು ‘ಲಿಂಗದೇವ’ ಎಂದು ಬದಲಿಸಿ ಮುದ್ರಿಸಿದರು. ರಾಜ್ಯ ಸರ್ಕಾರವು 1998ರಲ್ಲಿ ಆ ಗ್ರಂಥವನ್ನು ಮುಟ್ಟುಗೋಲು ಹಾಕಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕ್ರಮವನ್ನು ಎತ್ತಿಹಿಡಿಯಿತು. ಲಿಂಗದೇವನೆಂದು ಬಾಯಲ್ಲಿ ಸ್ತುತಿಸುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ವಿವಾದವೆದ್ದದ್ದು ಬರಹದಲ್ಲಿನ ಹೆಸರನ್ನು ಮುಟ್ಟಿದಾಗ.